ಪಡಸಾಲೆಯ ಹಾಡಿಗೊಂದು ಕ್ಯಾಮೆರಾ

ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆ, ಮಾರ್ಗಶಿರದ ಹುಣ್ಣಿಮೆಗೆ ಮಾಣಿಕನಗರದ ದತ್ತಜಯಂತಿ ಹಾಗೂ ಅಲ್ಲಿಯ ಸಂಗೀತ ದರ್ಬಾರು, ಮೊಹರಮ್ಮಿನ ದಿನಗಳಲ್ಲಿ ಕನ್ನಡದಲ್ಲಿಯೇ ಕೇಳಿಬರುವ ರಿವಾಯತ್ ಪದಗಳು, ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಅಳಿದುಳಿದಿರುವ ಬುಲಾಯಿ ಹಾಡುಗಳು: ಹೀಗೆ ಬೀದರ ಜಿಲ್ಲೆಯ ಚಿಟಗುಪ್ಪದ ಸುತ್ತಲಿನ ಸೀಮೆಯಲ್ಲಿ ಕಂಡು ಕೇಳಿ ಕಾಪಿಡಬೇಕಾದ ಸಂಗತಿಗಳಿಗೆ ಎಂದೂ ಕೊರತೆಯಿದ್ದುದಿಲ್ಲ. ಅವನ್ನು ಹಿಡಿದಿಡುವ ಸಾಧನವು ಮಾತ್ರ ಬಹುಕಾಲ ಮದುವೆಯ ವಿಡಿಯೋ ತೆಗೆಯುವ ಸ್ಟುಡಿಯೋದವರ ಹೆಗಲ ಮೇಲೆಯೇ ಇದ್ದಿತು. ಈಗ ಶಾಲೆಯ ಮೇಷ್ಟರೂ ಭಜನಾ ಮಂಡಳಿಯವರೂ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರೂ ತಮ್ಮದೇ ಆದ ಒಂದು ಎಚ್‌ಡಿ ಕ್ಯಾಮೆರಾವನ್ನು ಕೊಳ್ಳುವ ಯೋಚನೆ ಮಾಡುವಷ್ಟು ಅದರ ಬೆಲೆ ಇಳಿದಿರುವುದರಿಂದ, ಇದ್ದ ಹಣದಲ್ಲಿ ಯಾವುದನ್ನು ಕೊಳ್ಳುವುದು ಯುಕ್ತವೆಂಬ ಪ್ರಶ್ನೆಯನ್ನು ಕೊಂಚ ವಿಸ್ತಾರವಾಗಿಯೇ ವಿಚಾರಿಸತಕ್ಕದ್ದಾಗಿದೆ.

ಎಚ್‌ಡಿ ಎಂದರೆ ಚಿತ್ರದ ಸೂಕ್ಷ್ಮತೆಯ ಒಂದು ಅಳತೆ. ಹಿಂದಿನ ಟಿ.ವಿ. ಚಿತ್ರವು ಅಡ್ಡಕ್ಕೆ 720, ಉದ್ದಕ್ಕೆ 576 ಬಿಂದುಗಳಿಂದ, ಎಂದರೆ ಒಟ್ಟು ನಾಲ್ಕು ಲಕ್ಷಕ್ಕೆ ತುಸು ಮಿಕ್ಕ ಬಿಂದುಗಳಿಂದ ಆದುದಾಗಿತ್ತು. ಫುಲ್ ಎಚ್‌ಡಿ ಎನಿಸಿಕೊಳ್ಳುವ 1920×1080ರ ಚಿತ್ರದಲ್ಲಿ ಅವು ಇಪ್ಪತ್ತು ಲಕ್ಷವನ್ನು ಮೀರುತ್ತವೆ. 2003ರಲ್ಲಿ ಸಣ್ಣ ಟೇಪಿನ ಮೇಲೆ ಎಚ್‌ಡಿ ಚಿತ್ರವನ್ನು ಮುದ್ರಿಸುವ ಎಚ್‌ಡಿವಿ ಪದ್ಧತಿ ಬಂದಿತು; 2006ರಲ್ಲಿ ಟೇಪನ್ನೇ ಬಿಟ್ಟು ಕಾರ್ಡಿನ ಮೇಲೆ ಬರೆಯುವ ಎವಿಸಿಎಚ್‌ಡಿ ಪದ್ಧತಿಯನ್ನು ಸೋನಿ ಮತ್ತು ಪ್ಯಾನಸಾನಿಕ್ ಕಂಪನಿಗಳು ಜೊತೆಗೂಡಿ ಹೊರತಂದುವು; 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಥಿರಚಿತ್ರದ ಕ್ಯಾಮೆರಾಗಳು ವಿಡಿಯೋವನ್ನೂ ತೆಗೆಯತೊಡಗಿದುವು. ಇಂದಿನ ಫೋನುಗಳು 4ಕೆ ಎಂದು ಇದರ ನಾಲ್ಕರಷ್ಟು ಬಿಂದುಗಳನ್ನು ಕೊಡುತ್ತಿದ್ದರೂ, ಮನೆಯ ಟಿ.ವಿ.ಯಲ್ಲಿಯೂ ಶಾಲೆಯ ಪರದೆಯ ಮೇಲೂ ತೋರಿಸುವುದಕ್ಕೆ ಫುಲ್ ಎಚ್‌ಡಿ ಸಾಕೆಂದೇ ನನ್ನ ಅಭಿಪ್ರಾಯ. ಕೊಳ್ಳುವವನು ಬಿಂದುಗಳ ಲೆಕ್ಕವನ್ನು ಕಟ್ಟಕಡೆಗೆ ನೋಡಲಿ; ತನ್ನ ಕ್ಯಾಮೆರಾ ಎಂಥ ಬೆಳಕಿನಲ್ಲಿ ನಿಲ್ಲುವುದು, ಎಂಥ ಸದ್ದಿನ ನಡುವೆ ಕೇಳುವುದು ಎಂಬ ಎರಡನ್ನು ಎಲ್ಲಕ್ಕೂ ಮೊದಲು ಆಲೋಚಿಸಲಿ.

ಬೆಳಕಿನ ಮಾತು ಹೀಗಿದೆ. ಮಸೂರದ ಹಿಂದೆ ಬೆಳಕನ್ನು ಸ್ವೀಕರಿಸುವ ಸೆನ್ಸರ್ ಎಂಬ ಫಲಕವು ದೊಡ್ಡದಾದಷ್ಟೂ ಮಂದ ಬೆಳಕಿನಲ್ಲಿ ಚಿತ್ರವು ನಿರ್ಮಲವಾಗುವುದು. ಅಗ್ಗದ ಹ್ಯಾಂಡಿಕ್ಯಾಮುಗಳಲ್ಲಿ ಈ ಫಲಕದ ಅಗಲ ಮೂರು ಮಿಲಿಮೀಟರಿನ ಆಸುಪಾಸು. ಒಂದು ಇಂಚಿನದೆಂದು ಕರೆಯಲ್ಪಡುವ ಫಲಕವು ನಿಜವಾಗಿ 13.2×8.8 ಮಿಲಿಮೀಟರು, ಕ್ಯಾನನ್ನಿನ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳದು 22.3×14.9 ಮಿಲಿಮೀಟರು. ಜಲಸಂಗಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಾಸನಸುಂದರಿಯ ಶಿಲ್ಪವನ್ನು ಬೆಳಗಿನ ಓರೆಬಿಸಿಲಿನಲ್ಲಿ ಚಿತ್ರಿಸುವವನಿಗೆ ಅತ್ಯಂತ ಚಿಕ್ಕ ಫಲಕವೂ ಸಾಲುತ್ತದೆ, ಜೇಬಿನ ಫೋನೂ ಸಾಲುತ್ತದೆ. ಆದರೆ ಕಿಟಕಿ ಚಿಕ್ಕದಾದ ಹಳೆಯ ಮಾಳಿಗೆಮನೆಯ ಪಡಸಾಲೆಯಲ್ಲಿ ಒಂದೇ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಹಾಡುವ ಅಜ್ಜಿಯ ಮುಖವನ್ನು ಅದೇ ಕ್ಯಾಮೆರಾ ಕಾಳುಕಾಳಾಗಿ ಒಡೆದು, ಅವಳ ಕಣ್ಣುಗಳನ್ನು ಕಪ್ಪು ಕಲೆಯಾಗಿ ತೋರಿಸಿಬಿಡುತ್ತದೆ. ದೊಡ್ಡ ಫಲಕದ ಕ್ಯಾಮೆರಾಕ್ಕೆ ಹಣ ಒದಗದಿದ್ದಲ್ಲಿ ಅಜ್ಜಿಯನ್ನು ತಲೆಬಾಗಿಲ ಬಳಿಗೆ, ಬೆಳಕು ಮುಖದ ಒಂದು ಪಾರ್ಶ್ವಕ್ಕೆ ಬೀಳುವಂತೆ ಕೂರಿಸಿದರೆ, ಖರ್ಚಿಲ್ಲದೆಯೇ ಚಿತ್ರವು ಎಷ್ಟೋ ತಿಳಿಯಾಗುತ್ತದೆ.

ಟ್ಯೂಬ್‌ಲೈಟಿನ ವಿಷಯದಲ್ಲಿ ಇನ್ನೊಂದು ತೊಡಕುಂಟು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದರಿಂದ ಉರಿಯುವ ಹಳೆಯ ಟ್ಯೂಬುಗಳೂ ಅಗ್ಗದ ಎಲ್‌ಇಡಿಗಳೂ ನಮ್ಮ ಕಣ್ಣಿಗೆ ತಿಳಿಯದಂತೆ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಅಮೆರಿಕದ ವಿದ್ಯುತ್ತು 60 ಆವರ್ತಗಳದಾದುದರಿಂದ ಅಲ್ಲಿಯ ಕ್ಯಾಮೆರಾಗಳು ಸೆಕೆಂಡಿಗೆ 30 ಅಥವಾ 60 ಚೌಕಟ್ಟುಗಳಂತೆ ಚಿತ್ರಿಸುತ್ತವೆ. ಅಲ್ಲಿರುವ ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ಕ್ಯಾಮೆರಾದಲ್ಲಿ ಮನೆಯೊಳಗಿನ ಚಿತ್ರವೆಲ್ಲ ಮಿಣಮಿಣನೆ ನಡುಗುವುದಕ್ಕೆ ಕಾರಣ ಇದೇ. ಕೊಳ್ಳುವಾಗ ಕ್ಯಾಮೆರಾದ ಮೆನುವಿನಲ್ಲಿ 25 ಮತ್ತು 50 ಚೌಕಟ್ಟುಗಳ ಪಾಲ್ ವ್ಯವಸ್ಥೆ ಇರುವುದೇ ಎಂದು ನೋಡಬೇಕು, ಏಕೆಂದರೆ ಕೆಲವು ಮಾದರಿಗಳಲ್ಲಿ ಅದನ್ನು ಬದಲಿಸಲು ಅವಕಾಶವೇ ಇರುವುದಿಲ್ಲ. ಅದಿಲ್ಲದಿದ್ದರೆ ಷಟರ್ ವೇಗವನ್ನು ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗಕ್ಕೆ ಕೈಯಿಂದಲೇ ನಿಲ್ಲಿಸಬಹುದಾದರೂ ಇರಬೇಕು. ಆಗ ಪ್ರತಿ ಚೌಕಟ್ಟಿಗೂ ದೀಪದ ಏರಿಳಿತವು ಸಮನಾಗಿ ಸಲ್ಲುವುದರಿಂದ ನಡುಕವು ನಿಲ್ಲುತ್ತದೆ.

ಇನ್ನು ಧ್ವನಿ. ಚಿತ್ರವು ಮಸುಕಾದರೂ ಹಾಡು ಸ್ಪಷ್ಟವಾಗಿದ್ದರೆ ಜನ ಕೊನೆಯವರೆಗೂ ಕೇಳುತ್ತಾರೆ. ಚಿತ್ರವೆಷ್ಟೇ ರಮಣೀಯವಾಗಿದ್ದರೂ ಮಾತು ತಿಳಿಯದಿದ್ದರೆ ಎರಡು ನಿಮಿಷಕ್ಕೆ ಎದ್ದುಹೋಗುತ್ತಾರೆ. ಬುಲಾಯಿ ಹಾಡಿನ ಒಂದೊಂದು ಮಾತಿನಲ್ಲಿಯೂ ಈ ಸೀಮೆಯ ಕನ್ನಡವಿದೆ, ಅದಕ್ಕೆ ಒಗ್ಗಿಹೋದ ಮರಾಠಿ ಉರ್ದು ತೆಲುಗು ನುಡಿಗಳ ಸೊಗಡಿದೆ. ಆ ಮಾತುಗಳೇ ತಿಳಿಯದಂತಾದ ಚಿತ್ರದಿಂದ ಮುಂದಿನವರಿಗೆ ದಕ್ಕುವುದಾದರೂ ಏನು? ಶಬ್ದದ ತೀವ್ರತೆಯು ದೂರದ ವರ್ಗಕ್ಕನುಗುಣವಾಗಿ ಕುಗ್ಗುತ್ತದೆಂಬುದು ಭೌತಶಾಸ್ತ್ರದ ನಿಯಮವಾದುದರಿಂದ, ಮೂರು ಮೀಟರು ಆಚೆ ನಿಂತ ಕ್ಯಾಮೆರಾದ ಒಳಮೈಕಿಗೆ ನೇರವಾಗಿ ಮುಟ್ಟುವ ದನಿಗಿಂತ, ಬಾಯಿಂದ ಮೂವತ್ತು ಸೆಂಟಿಮೀಟರಿನಲ್ಲಿ ಸೆರಗಿಗೆ ಸಿಕ್ಕಿಸಿದ ಕಾಲರ್ ಮೈಕಿಗೆ ಮುಟ್ಟುವ ದನಿಯು ನೂರುಪಟ್ಟು ಬಲವಾದುದು. ಮಿಕ್ಕ ಫ್ಯಾನಿನ ಸದ್ದು, ಓಣಿಯಲ್ಲಿ ಹೋಗುವ ಟಂಟಂ ಗಾಡಿಯ ಸದ್ದು, ನೆರೆಮನೆಯ ಟಿ.ವಿ. ಇವೆಲ್ಲವೂ ಆಗ ತಾವಾಗಿ ಹಿಂದೆ ಸರಿಯುತ್ತವೆ. ಹೀಗಿರುವಲ್ಲಿ ಹೊರಮೈಕನ್ನು ಜೋಡಿಸಲು ತೂತೇ ಇಲ್ಲದ ಕ್ಯಾಮೆರಾವನ್ನು ಹಾಡಿನ ಕೆಲಸಕ್ಕೆ ಕೊಳ್ಳಲೇಬಾರದು. ಅಗ್ಗವೆಂದು ಹೆಸರಾದ ಸೋನಿಯ ಎಚ್‌ಡಿಆರ್ ಸಿಎಕ್ಸ್405 ಹ್ಯಾಂಡಿಕ್ಯಾಮಿನಲ್ಲಿ ಮೂವತ್ತು ಪಟ್ಟು ಜೂಮ್ ಇದ್ದೂ ಮೈಕಿನ ಕಿಂಡಿಯಿಲ್ಲ. ಕ್ಯಾನನ್ 1500ಡಿಯಲ್ಲಿಯೂ ಇಲ್ಲ, ಅದರ ಸೋದರನಂತಿರುವ 200ಡಿಯಲ್ಲಿ ಇದೆ. ಇಯರ್‌ಫೋನ್ ಹಾಕಿ ದನಿಯನ್ನು ಕೇಳಿನೋಡುವ ಅನುಕೂಲವೂ ಇದ್ದರೆ ಇನ್ನೂ ಉತ್ತಮ; ಇಲ್ಲವಾದರೆ ಮೊದಲು ಒಂದು ನಿಮಿಷ ತೆಗೆದು, ಹಿಂದಿರುಗಿಸಿ ಕೇಳಿ, ಆಮೇಲೆ ಹಾಡಿಸತಕ್ಕದ್ದು.

ಹಾಗಾದರೆ ಫೋನೋ ಹ್ಯಾಂಡಿಕ್ಯಾಮೋ ಡಿಎಸ್‌ಎಲ್‌ಆರೋ? ತೇರು ಎಳೆಯುವಾಗ ಜನಸಂದಣಿಯ ಆಚೆ ನಿಂತು ಕಳಸವನ್ನು ಹತ್ತಿರಕ್ಕೆ ತರಬೇಕಾದವನಿಗೆ ಹ್ಯಾಂಡಿಕ್ಯಾಮಿನ ಆಪ್ಟಿಕಲ್ ಜೂಮಿಗೆ ಸಮನಾದುದಿಲ್ಲ. ಡಿಜಿಟಲ್ ಜೂಮ್ ಎಂಬುದು ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದಾದುದರಿಂದ ಅದರ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ರಾತ್ರಿಯಿಡೀ ನಡೆಯುವ ಸಂಗೀತಕ್ಕೆ ಅನೇಕ ಡಿಎಸ್‌ಎಲ್‌ಆರ್‌ಗಳು ಒದಗುವುದಿಲ್ಲ: ಮೂವತ್ತು ನಿಮಿಷ ಸತತವಾಗಿ ಚಿತ್ರಿಸಬಲ್ಲುದನ್ನು ಯೂರೋಪಿನ ಸುಂಕದವರು ವಿಡಿಯೋ ಕ್ಯಾಮೆರಾವೆಂದು ಎಣಿಸಿ ಹೆಚ್ಚಿನ ಸುಂಕ ಹಾಕುತ್ತಿದ್ದುದರಿಂದ, ತಯಾರಕರು ಅವುಗಳನ್ನು 29 ನಿಮಿಷ 59 ಸೆಕೆಂಡಿಗೇ ನಿಲ್ಲುವಂತೆ ಮಾಡಿದರು, ಆಲಾಪವು ಮೇಲೇರುತ್ತಿರುವ ಗಳಿಗೆಯಲ್ಲಿ ಯಂತ್ರವು ತಾನಾಗಿ ನಿಂತುಬಿಡುವುದು ಸಹಿಸತಕ್ಕ ದೋಷವಲ್ಲ. ಪಡಸಾಲೆಯ ಹಾಡಿಗೆ ಮಾತ್ರ, ಕೈಯಲ್ಲಿ ಈಗಾಗಲೇ ಒಳ್ಳೆಯ ಫೋನಿರುವವನು ಹೊಸ ಕ್ಯಾಮೆರಾವನ್ನು ಕೊಳ್ಳದೆ ಅದೇ ಹಣದ ಒಂದಂಶದಲ್ಲಿ ಒಂದು ಗಟ್ಟಿಯಾದ ಸ್ಟ್ಯಾಂಡ್, ಒಂದು ಕಾಲರ್ ಮೈಕು, ಒಂದು ಎಲ್‌ಇಡಿ ದೀಪ ಇಷ್ಟನ್ನು ತಂದರೆ ಅದು ಮೇಲಾದ ಆಯ್ಕೆಯೆಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಕೊಳ್ಳುವವನ ಹಣವೆಲ್ಲ ಕ್ಯಾಮೆರಾದ ಒಡಲಿಗೇ ತೀರಬಾರದು. ಅರ್ಧದಷ್ಟನ್ನು ಈ ಪರಿಕರಗಳಿಗೂ ಇನ್ನೊಂದು ಬ್ಯಾಟರಿಗೂ ಕಾರ್ಡಿಗೂ ಉಳಿಸಬೇಕು, ಅದರಲ್ಲಿಯೂ ಕರೆಂಟು ಹೇಳದೆ ಹೋಗುವ ಊರುಗಳಲ್ಲಿ.

ಸೆಕೆಂಡಿಗೆ 24 ಮೆಗಾಬಿಟ್ಟಿನ ಫುಲ್ ಎಚ್‌ಡಿ ಚಿತ್ರವು ತಾಸಿಗೆ ಸುಮಾರು 11 ಜಿಬಿ ನುಂಗುವುದರಿಂದ 32 ಜಿಬಿಯ ಕಾರ್ಡಿನಲ್ಲಿ ಮೂರು ತಾಸಿಗೆ ತುಸು ಕಡಿಮೆ ಹಿಡಿಸುತ್ತದೆ. ಕಾರ್ಡಿನ ಮೇಲೆ 10 ಎಂಬ ಅಂಕಿಯಿದ್ದರೆ ಈ ವೇಗಕ್ಕೆ ಸಾಕು.

ಬೀದರ, ಕಲಬುರಗಿ, ಹೈದರಾಬಾದಿನ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಧಾರಾಳವಾಗಿ ದೊರೆಯುವುದರಿಂದ ಅದನ್ನು ಪರೀಕ್ಷಿಸುವ ಬಗೆಯನ್ನೂ ಹೇಳುವುದು ವಿಹಿತ. ಮಸೂರವನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಳಗೆ ಜೇಡರ ಬಲೆಯಂಥ ಬೂಷ್ಟಿನ ಎಳೆಗಳಿವೆಯೇ ನೋಡಿರಿ, ಜೂಮನ್ನು ತುದಿಯಿಂದ ತುದಿಗೆ ಎಳೆದು ಕಿವಿಗೊಡಿರಿ, ಧೂಳು ಹೊಕ್ಕ ಯಂತ್ರವು ಕರಕರನೆ ಸದ್ದುಮಾಡುತ್ತದೆ, ಮಸೂರಕ್ಕೆ ಮುಚ್ಚಳ ಹಾಕಿಯೇ ಒಂದು ನಿಮಿಷ ಚಿತ್ರಿಸಿ, ಕತ್ತಲಲ್ಲಿ ಕೆಂಪು ಬಿಳಿ ಚುಕ್ಕೆಗಳು ಒಂದೇ ಸ್ಥಾನದಲ್ಲಿ ನಿಂತಿವೆಯೇ ಗಮನಿಸಿರಿ, ನಿಮ್ಮದೇ ಕಾರ್ಡನ್ನೂ ಮೈಕನ್ನೂ ಒಯ್ದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆಯೇ ಹತ್ತು ನಿಮಿಷ ತೆಗೆದು ನೋಡಿರಿ, ಬ್ಯಾಟರಿ ಈಗಲೂ ಹೊಸದು ಸಿಗುವಂಥದೇ ಎಂದು ವಿಚಾರಿಸಿರಿ, ಬಿಲ್ಲಿಲ್ಲದೆ ಕೊಳ್ಳಬೇಡಿರಿ. ಟೇಪಿನ ಎಚ್‌ಡಿವಿ ಕ್ಯಾಮೆರಾಗಳು ಎಷ್ಟೇ ಅಗ್ಗವಾಗಿ ಬಂದರೂ ಬೇಡ, ಅವುಗಳಿಂದ ಕಂಪ್ಯೂಟರಿಗೆ ಚಿತ್ರವನ್ನು ಇಳಿಸುವ ಫೈರ್‌ವೈರ್ ತಂತಿಯ ಕಿಂಡಿಯು ಹೊಸ ಯಂತ್ರಗಳಲ್ಲಿಲ್ಲ.

ಕೊಂಡಮೇಲೆ, ಹಾಡಿಸುವ ಮುನ್ನ ಅಜ್ಜಿಯ ಒಪ್ಪಿಗೆಯನ್ನು ಕೇಳಿ, ಅವರ ಹೆಸರು, ತವರೂರು, ಹಾಡನ್ನು ಯಾರಿಂದ ಕಲಿತರೆಂಬುದನ್ನು ಕ್ಯಾಮೆರಾದ ಮುಂದೆ ಅವರ ಬಾಯಿಂದಲೇ ಹೇಳಿಸಿರಿ. ಅದೇ ದಿನ ರಾತ್ರಿ ಕಾರ್ಡಿನಿಂದ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ಇಳಿಸಿ, ಫೈಲಿನ ಹೆಸರಿನಲ್ಲಿಯೇ ಊರನ್ನೂ ತಾರೀಖನ್ನೂ ಬರೆದು, ಒಂದನ್ನು ನಿಮ್ಮ ಮನೆಯಲ್ಲಿಯೂ ಮತ್ತೊಂದನ್ನು ಹಾಡಿದವರ ಮನೆಯಲ್ಲಿಯೂ ಇರಿಸಿರಿ.