ಕಾದರೆ ಮಾತ್ರ ಪರಿಮಳಿಸುವ ಬೇರು

ಜುಮಾದ ದಿನ ಸ್ನಾನ ಮಾಡಿ, ಮಿಸ್ವಾಕ್ ಮಾಡಿ, ಇದ್ದರೆ ಸುಗಂಧ ಹಚ್ಚಿಕೊಂಡು ಮಸೀದಿಗೆ ಬರುವುದನ್ನು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಹಚ್ಚಿಕೊಂಡ ಅತ್ತರಿನಲ್ಲಿ ಏನಿದೆಯೆಂದು ನಾವು ವಿಚಾರಿಸುವುದು ಮಾತ್ರ ಕಡಿಮೆ. ಸುಗಂಧ ದ್ರವ್ಯಗಳಲ್ಲಿ ಬಹಳ ದುಬಾರಿಯಾದ ಒಂದು, ಐರಿಸ್ ಗಿಡದ ಬೇರಿನದು. ಯುನಾನಿ ಹಕೀಮರು ಈ ಬೇರನ್ನು ಈರ್ಸಾ ಅಥವಾ ಬೇಖೆ ಸೋಸನ್ ಎನ್ನುತ್ತಾರೆ. ಕಾಶ್ಮೀರದ ಖಬರಸ್ಥಾನಗಳಲ್ಲಿ ಗೋರಿಗಳ ಮೇಲೆ ಅರಳುವ ನೀಲಿ, ಬಿಳಿ ಹೂಗಳೂ ಇದೇ ಜಾತಿಗೆ ಸೇರಿದವು.

ಬೇರು ಎಂದರೂ ಅದು ಶುಂಠಿಯಂತೆ ನೆಲದಡಿ ಹಬ್ಬುವ ಗೆಡ್ಡೆ. ಇಟಲಿಯ ಫ್ಲಾರೆನ್ಸ್ ಸುತ್ತಲಿನ ಗುಡ್ಡಗಳಲ್ಲಿ, ಮೊರಾಕ್ಕೋದಲ್ಲಿ ಇದನ್ನು ಬೆಳೆಸುತ್ತಾರೆ. ನೆಟ್ಟ ಸುಮಾರು 3 ವರ್ಷಕ್ಕೆ ಅಗೆದು, ಸಿಪ್ಪೆ ಹೆರೆದು ಒಣಗಿಸುತ್ತಾರೆ. ಆಗ ಮೂಸಿದರೆ ಮಣ್ಣಿನ ವಾಸನೆಯಷ್ಟೇ. ಮತ್ತೆ 3ರಿಂದ 5 ವರ್ಷ ಗೋದಾಮಿನಲ್ಲಿಟ್ಟರೆ ಗಾಳಿ ತಾಗಿ ಒಳಗಿನ ಅಂಶಗಳು ನಿಧಾನವಾಗಿ ಐರೋನ್ ಎಂಬ ವಸ್ತುವಾಗುತ್ತವೆ. ವಯೊಲೆಟ್ ಹೂವನ್ನು ನೆನಪಿಸುವ, ಪೌಡರಿನಂಥ ಮೃದು ಪರಿಮಳ ಅದರದು. ಅವಸರ ಮಾಡಿದರೆ ಸಿಗುವುದಿಲ್ಲ.

ಹಬೆಯಲ್ಲಿ ಬಟ್ಟಿ ಇಳಿಸಿದರೆ ಬರುವುದು ತೆಳು ಎಣ್ಣೆಯಲ್ಲ, ಬೆಣ್ಣೆಯಂಥ ಗಟ್ಟಿ ಪದಾರ್ಥ. ಅದರ ಹೆಚ್ಚಿನ ಪಾಲು ಮಿರಿಸ್ಟಿಕ್ ಆಮ್ಲ. ನಮ್ಮ ಜಾಯಿಕಾಯಿಯ ಕೊಬ್ಬಿನಲ್ಲಿರುವುದೂ ಅದೇ. 1 ಟನ್ ಒಣ ಬೇರಿನಿಂದ ಸಿಗುವುದು ಸುಮಾರು 2 ಕೆ.ಜಿ. ಬೆಣ್ಣೆ. ಬೆಲೆ ಏಕೆ ಏರುತ್ತದೆಂದು ಬೇರೆ ಹೇಳಬೇಕಿಲ್ಲ.

ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಎಂಬ ರಸಾಯನಶಾಸ್ತ್ರಜ್ಞರು ಈ ಬೇರಿನ ಪರಿಮಳದ ಗುಟ್ಟು ಹುಡುಕುತ್ತ, 1893ರಲ್ಲಿ ಅದಕ್ಕೆ ಹತ್ತಿರದ ಅಯೊನೋನ್ ತಯಾರಿಸಿದ್ದನ್ನು ಪ್ರಕಟಿಸಿದರು. ನಿಂಬೆಹುಲ್ಲಿನ ಎಣ್ಣೆಯಲ್ಲಿ ಹೇರಳವಾಗಿರುವ ಸಿಟ್ರಾಲ್‌ನಿಂದ ಅದನ್ನು ಮಾಡಬಹುದು, ಅಗ್ಗವೂ ಹೌದು. ಆ ಪರಿಮಳ ಬಡವರ ಕೈಗೂ ಎಟುಕಿದ್ದು ಹಾಗೆ.

ಆದ್ದರಿಂದ ಕೃತಕ ಸುಗಂಧವನ್ನು ನಾವು ಹೀಗಳೆಯಬೇಕಾಗಿಲ್ಲ. ತಕರಾರಿರುವುದು ಅದನ್ನು 'ಅಸಲಿ ಸೋಸನ್' ಎಂದು ಮಾರುವುದರಲ್ಲಿ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿ(ಸ)ರವರಿಗೆ ಅಡಿಯಲ್ಲಿ ಒದ್ದೆ ಸಿಕ್ಕಿತು. ಮಳೆಗೆ ನೆನೆಯಿತೆಂದ ವ್ಯಾಪಾರಿಗೆ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ಅತ್ತರಿನ ಶೀಶೆಯೊಳಗೆ ಗಿರಾಕಿ ಕೈ ಹಾಕಲಾರ. ಅವನಿಗಿರುವುದು ಅಂಗಡಿಯವರ ಮಾತೊಂದೇ. ನೂರಿನ್ನೂರು ರೂಪಾಯಿಯ ಶೀಶೆಯಲ್ಲಿ ಐರಿಸ್ ಬೆಣ್ಣೆ ಇರಲು ಸಾಧ್ಯವಿಲ್ಲವೆಂದು ಅಂಗಡಿಯವರಿಗೆ ಗೊತ್ತಿರುತ್ತದೆ. "ಇದು ಕೃತಕ, ಆದರೆ ವಾಸನೆ ಚೆನ್ನಾಗಿದೆ" ಎಂದರೂ ಕೊಳ್ಳುವವರು ಕೊಳ್ಳುತ್ತಾರೆ.