ಮದ್ದಿನ ಗುಣವೂ ಗುರಿಯ ನಿಖರತೆಯೂ

ಗುರಿಕಾರನು ದೂರದ ಹಲಗೆಯ ನಡುಮಧ್ಯಕ್ಕೆ ಗುಂಡು ಹೊಡೆದಾಗ ನೋಡಿದವರು ಆತನ ಕಣ್ಣನ್ನೂ ಕೈಯನ್ನೂ ಹೊಗಳುವರು. ಸ್ವಲ್ಪ ತಿಳಿದವರಾದರೆ ಕೋವಿಯ ನಳಿಗೆಯನ್ನೂ ಹೊಗಳುವರು. ತೋಟೆಯೊಳಗೆ ಅಡಗಿದ್ದು ಕ್ಷಣಮಾತ್ರದಲ್ಲಿ ಉರಿದುಹೋದ ಮದ್ದನ್ನು ನೆನೆಯುವವರು ವಿರಳ. ಮದ್ದು ಎಷ್ಟು ಬಲವಾಗಿದ್ದರೆ ಅಷ್ಟು ಒಳ್ಳೆಯದೆಂಬುದೇ ಸಾಮಾನ್ಯವಾದ ಎಣಿಕೆ. ಆದರೆ ಬಲವೇ ಬೇರೆ, ನಿಖರತೆಯೇ ಬೇರೆ. ಗುರಿಗೆ ಬೇಕಾದುದು ಪ್ರತಿಯೊಂದು ಸಲವೂ ಒಂದೇ ಬಗೆಯಾಗಿ ಉರಿಯುವ ಮದ್ದು.

ಪೆಟ್ಲುಪ್ಪು, ಇದ್ದಿಲು, ಗಂಧಕಗಳಿಂದಾದ ಹಳೆಯ ಕರಿಮದ್ದನ್ನು ವಾಚಕರು ಬಲ್ಲರು. ಇದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಹೊಗೆಯಾಗಿಯೂ ಕಿಟ್ಟವಾಗಿಯೂ ನಿಲ್ಲುವುದು. ರೈಫಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸುವುದಕ್ಕಾಗಿ ಕೊರೆದಿರುವ ಗೀರುಗಳಲ್ಲಿ ಆ ಕಿಟ್ಟವು ಕಟ್ಟಿಕೊಂಡರೆ ಗುರಿ ಕೆಡುವುದೆಂದು ಬೇರೆ ಹೇಳಬೇಕಾಗಿಲ್ಲ. ಆದಕಾರಣ ಇಂಗ್ಲೆಂಡಿನ ವಿಲಿಯಂ ಮೆಟ್‌ಫರ್ಡ್ ಎಂಬ ಯಂತ್ರಶಿಲ್ಪಿಯು ಮೂಲೆಗಳಿಲ್ಲದ, ಆಳವಿಲ್ಲದ 7 ಗೀರುಗಳ ನಳಿಗೆಯನ್ನು ಕಲ್ಪಿಸಿದನು. 1888ರಲ್ಲಿ ಬ್ರಿಟಿಷ್ ಸೇನೆಯು ಅಂಗೀಕರಿಸಿದ ಲೀ-ಮೆಟ್‌ಫರ್ಡ್ ಕೋವಿಯು ಈ ಬಗೆಯದು.

ಅಷ್ಟರಲ್ಲಿ ಮದ್ದೇ ಬದಲಾಗಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಜ್ಞನು ಹತ್ತಿಯನ್ನು ಆಮ್ಲಗಳಿಂದ ಸಂಸ್ಕರಿಸಿ, ಹಿಟ್ಟಿನಂತೆ ನಾದಿ, ಹಾಳೆಮಾಡಿ, ಸಣ್ಣ ಬಿಲ್ಲೆಗಳಾಗಿ ಕತ್ತರಿಸಿ ಹೊಗೆಯಿಲ್ಲದ ಮದ್ದನ್ನು ತಯಾರಿಸಿದನು. 1889ರಲ್ಲಿ ಇಂಗ್ಲೆಂಡಿನಲ್ಲಿ ಏಬೆಲ್ ಮತ್ತು ಡ್ಯೂವರ್ ಎಂಬವರು ಕಾರ್ಡೈಟನ್ನು ಕಂಡುಹಿಡಿದರು. ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಹತ್ತಿಮದ್ದು, 5 ಪಾಲು ವ್ಯಾಸಲೀನು. ಇದನ್ನು ಶ್ಯಾವಿಗೆಯಂತೆ ಒತ್ತಿ ಎಳೆಗಳಾಗಿ ಮಾಡುತ್ತಿದ್ದರು. ಹೊಗೆ ಹೋಯಿತು, ಕಿಟ್ಟ ಹೋಯಿತು, ಗುಂಡಿನ ವೇಗ ಹೆಚ್ಚಿತು. ಆದರೆ ಕಾರ್ಡೈಟಿನ ಉರಿಯು ಬಹಳ ತೀಕ್ಷ್ಣವಾದುದರಿಂದ ಮೆಟ್‌ಫರ್ಡನ ಮೆಲುಗೀರುಗಳು ಬೇಗನೆ ಸವೆದುವು. ಗೀರು ಸವೆದ ಕೋವಿಗೆ ಗುರಿಯೆಲ್ಲಿಯದು? 1895ರಲ್ಲಿ ಹೆಚ್ಚು ಆಳವಾದ 5 ಗೀರುಗಳ ನಳಿಗೆಯನ್ನು ಜೋಡಿಸಿ, ಕೋವಿಗೆ ಲೀ-ಎನ್‌ಫೀಲ್ಡ್ ಎಂದು ಹೆಸರಿಟ್ಟರು. ಮದ್ದು ಬದಲಾದುದರಿಂದ ಕೋವಿಯ ಹೆಸರೇ ಬದಲಾಯಿತು! ಇಷ್ಟೂ ಸಾಲದೆ, 1901ರಲ್ಲಿ ಮದ್ದನ್ನೂ ತಿದ್ದಿ, ನೈಟ್ರೋಗ್ಲಿಸರಿನನ್ನು 30 ಪಾಲಿಗೆ ಇಳಿಸಿದರು. ನೀಲಗಿರಿಯ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆಯು 1903ರಲ್ಲಿ ಸ್ಥಾಪಿತವಾಯಿತು.

ಅಮೆರಿಕಾ ಮೊದಲಾದ ದೇಶಗಳಲ್ಲಿ ಬೇಟೆಗಾರರೂ ಪಂದ್ಯದ ಗುರಿಕಾರರೂ ಹಾರಿಸಿದ ತೋಟೆಯ ಹಿತ್ತಾಳೆಯ ಚಿಪ್ಪನ್ನು ಎಸೆಯದೆ, ಹೊಸ ಕೇಪು, ಮದ್ದು, ಗುಂಡುಗಳನ್ನಿಟ್ಟು ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುವರು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾನೂನಿನಂತೆ ಪರವಾನಗಿಯಿಲ್ಲದೆ ತೋಟೆ ತಯಾರಿಸುವಂತಿಲ್ಲ. ನಾವು ಬರೆಯುತ್ತಿರುವುದು ತಿಳಿವಳಿಕೆಗಾಗಿಯೇ ಹೊರತು ಪ್ರಯೋಗಕ್ಕಲ್ಲ. ಆ ಜನರು ಮದ್ದನ್ನು ಆರಿಸುವ ಬಗೆಯನ್ನು ಗೃಹಿಣಿಯರು ಒಡನೆಯೇ ಗ್ರಹಿಸುವರು. ಒಲೆಗೆ ಹೊಟ್ಟು ಹಾಕಿದರೆ ಭಗ್ಗನೆ ಉರಿದು ಮುಗಿಯುವುದು. ಸೀಳಿದ ಸೌದೆ ನಿಧಾನ. ದಿಮ್ಮಿ ಇನ್ನೂ ನಿಧಾನ. ಹಾಗೆಯೇ ಮದ್ದಿನ ಕಾಳುಗಳ ಗಾತ್ರ, ಆಕಾರ, ಮೇಲಿನ ಲೇಪಗಳನ್ನು ಬದಲಿಸಿ ಉರಿಯುವ ವೇಗವನ್ನು ಹದಮಾಡುವರು. ಸಾಮಾನ್ಯವಾಗಿ ಹಗುರಾದ ಗುಂಡಿಗೂ ಸಣ್ಣ ಚಿಪ್ಪಿಗೂ ಬೇಗ ಉರಿಯುವ ಮದ್ದು, ಭಾರವಾದ ಗುಂಡಿಗೂ ದೊಡ್ಡ ಚಿಪ್ಪಿಗೂ ನಿಧಾನವಾದುದು ಒಪ್ಪುವುದು. ಚಿಪ್ಪನ್ನು ಹೆಚ್ಚುಕಡಮೆ ತುಂಬುವ ಮದ್ದನ್ನೇ ಬಲ್ಲವರು ಮೆಚ್ಚುವರು. ಅರೆಬರಿದಾದ ಚಿಪ್ಪಿನಲ್ಲಿ, ಕೋವಿಯನ್ನು ಮೇಲೆತ್ತಿದಾಗ ಮದ್ದು ಕೇಪಿನ ಕಡೆಗೂ, ತಗ್ಗಿಸಿದಾಗ ಗುಂಡಿನ ಕಡೆಗೂ ಸರಿಯುವುದು. ಕಿಡಿ ಹತ್ತುವ ರೀತಿಯೇ ಬೇರೆಯಾಗಿ ಗುಂಡಿನ ವೇಗ ಏರುಪೇರಾಗುವುದು.

ಈ ಏರುಪೇರಿನಿಂದ ಆಗುವ ಕೇಡನ್ನು ಲೆಕ್ಕದಿಂದ ತಿಳಿಯಬಹುದು. ಗುಂಡು ಹೊರಟ ಕ್ಷಣದಿಂದಲೇ ನೆಲದ ಕಡೆಗೆ ಇಳಿಯತೊಡಗುವುದು. ವೇಗವು ನೂರಕ್ಕೆ 1 ಪಾಲು ಕಡಮೆಯಾದರೆ ಇಳಿತವು ನೂರಕ್ಕೆ ಸುಮಾರು 2 ಪಾಲು ಹೆಚ್ಚುವುದು. 3 ಮೀಟರು ಇಳಿಯತಕ್ಕ ದೂರದಲ್ಲಿ 6 ಸೆಂಟಿಮೀಟರು ತಪ್ಪಿದಂತಾಯಿತು. ಕಣ್ಣು ತಪ್ಪಲಿಲ್ಲ, ಕೈ ನಡುಗಲಿಲ್ಲ, ಆದರೂ ಪಂದ್ಯ ಹೋಯಿತು!

ಪಂದ್ಯ ಹೋದರೆ ಹೋಗಲಿ. ಮದ್ದಿನ ಆಯ್ಕೆ ತಪ್ಪಿದರೆ ಪ್ರಾಣವೇ ಹೋಗಬಹುದು. ಹೊಗೆಯಿಲ್ಲದ ಮದ್ದು ಹೊಸದಾಗಿ ಬಂದ ಕಾಲದಲ್ಲಿ ಅದನ್ನು ಕರಿಮದ್ದಿನ ಅಳತೆಯಲ್ಲಿಯೇ ಹಳೆಯ ಕೋವಿಗಳಿಗೆ ತುಂಬಿ ನಳಿಗೆ ಸಿಡಿದು ಕೈ, ಕಣ್ಣು ಕಳೆದುಕೊಂಡವರುಂಟು. ಪಿಸ್ತೂಲಿಗೆಂದು ಮಾಡಿದ ಶೀಘ್ರದ ಮದ್ದನ್ನು ರೈಫಲಿನ ತೋಟೆಗೆ ತುಂಬಿದರೂ ಇದೇ ಗತಿ. ಹೊರಗಿನಿಂದ ನೋಡಿದರೆ ಎರಡೂ ಕರಿಯ ಕಾಳೇ! ಆದುದರಿಂದ ಎಚ್ಚರವುಳ್ಳವರು ತುಂಬುವಾಗ ಮೇಜಿನ ಮೇಲೆ ಒಂದೇ ಡಬ್ಬಿಯನ್ನಿಟ್ಟುಕೊಳ್ಳುವರು. ತಯಾರಕರು ಅಚ್ಚುಹಾಕಿಸಿದ ತೂಕದ ಪಟ್ಟಿಯನ್ನು ಮೀರರು.

ಬಿಸಿಲೂ ಗುರಿಯನ್ನು ಕೆಡಿಸುವುದು. ಬಿಸಿಯೇರಿದ ಮದ್ದು ಬೇಗ ಉರಿದು ಒತ್ತಡವನ್ನು ಹೆಚ್ಚಿಸುವುದರಿಂದ, ಇಂಗ್ಲೆಂಡಿನ ಕೋವಿ ತಯಾರಕರು ಇಂಡಿಯಾ, ಆಫ್ರಿಕಾಗಳ ಬೇಟೆಗಾಗಿ ಮದ್ದು ಕಡಮೆಮಾಡಿದ ತೋಟೆಗಳನ್ನೇ ಪ್ರತ್ಯೇಕವಾಗಿ ಕಳುಹಿಸುತ್ತಿದ್ದರು. ಹೆಚ್ಚು ಕಾಲ ಸೆಕೆಯಲ್ಲಿಟ್ಟರೆ ಹೊಗೆಯಿಲ್ಲದ ಮದ್ದು ತನ್ನಷ್ಟಕ್ಕೆ ಕೊಳೆಯುವುದೂ ಉಂಟು. ಆಗ ಹುಳಿಯಾದ ಘಾಟು, ಕೆಂಗಂದು ಬಣ್ಣದ ಹೊಗೆ ಅಥವಾ ಧೂಳು ಕಾಣುವುದು. ಅಂಥ ಮದ್ದಿನಿಂದ ಗುರಿ ಕೆಡುವುದು ಹಾಗಿರಲಿ, ಅದು ತಾನಾಗಿ ಹೊತ್ತಿಕೊಳ್ಳುವ ಭಯವೂ ಉಂಟು. ತಾತಂದಿರ ಕಾಲದ ತೋಟೆಗಳು ಹಳೆಯ ಪೆಟ್ಟಿಗೆಯಲ್ಲಿ ಉಳಿದಿರುವ ಮನೆಗಳವರು ಅವನ್ನು ಬಿಚ್ಚಿನೋಡುವ ಸಾಹಸಕ್ಕೆ ಹೋಗದೆ, ಮಕ್ಕಳ ಕೈಗೆ ಸಿಕ್ಕದಂತೆ ಮಾಡಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.