ದಾಳಿಂಬೆ ಮರ ಒಣಗಿದ್ದೇಕೆ?

ತೌಬಾದ ಷರತ್ತುಗಳ ಕುರಿತು ಗಾಳಿಬೀಡಿನಲ್ಲಿ ಖುತ್ಬಾ ನೀಡಿದ ದಿನ ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿದ: "ಉಸ್ತಾದ್, ಅನ್ಯಾಯ ಮಾಡಿದ್ದು ಗೆಳೆಯನಿಗೆ. ಆ ಗೆಳೆಯ ಸತ್ತುಹೋದರೆ ಕ್ಷಮೆ ಕೇಳುವುದು ಯಾರಲ್ಲಿ?" ಅವನು ಓದುತ್ತಿದ್ದುದು 'ದಿ ಕೈಟ್ ರನ್ನರ್' ಎಂಬ ಕಾದಂಬರಿ. 1965ರಲ್ಲಿ ಕಾಬೂಲಿನಲ್ಲಿ ಹುಟ್ಟಿ ಅಮೆರಿಕಾದಲ್ಲಿ ವೈದ್ಯರಾಗಿದ್ದ ಖಾಲಿದ್ ಹೊಸೈನಿ ಬರೆದದ್ದು, 2003ರಲ್ಲಿ ಪ್ರಕಟವಾಯಿತು.

ಕಥೆ ಇಷ್ಟು. ಅಮೀರ್ ಧನಿಕನ ಮಗ, ಪಶ್ತೂನ್. ಹಸನ್ ಆ ಮನೆಯ ಸೇವಕನ ಮಗ, ಹಜಾರಾ. ಇಬ್ಬರೂ ಒಂದೇ ಅಂಗಳದಲ್ಲಿ ಬೆಳೆದವರು. 1975ರ ಚಳಿಗಾಲದ ಗಾಳಿಪಟ ಸ್ಪರ್ಧೆಯ ದಿನ, ಅಮೀರನಿಗಾಗಿ ಪಟ ತರಲು ಓಡಿದ ಹಸನ್ ದುಷ್ಟ ಹುಡುಗರ ಕೈಗೆ ಸಿಕ್ಕಿ ಘೋರ ಹಿಂಸೆಗೆ ಒಳಗಾಗುತ್ತಾನೆ. ಅಮೀರ್ ಮರೆಯಲ್ಲಿ ನಿಂತು ನೋಡಿ ಸುಮ್ಮನಾಗುತ್ತಾನೆ. (ಆ ಪುಟಗಳು ಚಿಕ್ಕ ಮಕ್ಕಳಿಗಲ್ಲ, ತಂದೆತಾಯಿ ಮೊದಲು ಓದಿ ನೋಡಲಿ.) ಗೆಳೆಯನ ಮುಖ ನೋಡಲಾಗದೆ, ಕೊನೆಗೆ ಹಣ ಮತ್ತು ಗಡಿಯಾರವನ್ನು ಅವನ ಹಾಸಿಗೆಯಡಿ ಇಟ್ಟು ಕಳ್ಳತನದ ಆರೋಪ ಹೊರಿಸುತ್ತಾನೆ. ಮೌನ ಒಂದು ಪಾಪ, ಬುಹ್ತಾನ್ ಇನ್ನೊಂದು. ಹಸನ್ ಮಾತ್ರ ಮಾಡದ ಕಳವನ್ನೂ ಒಪ್ಪಿಕೊಳ್ಳುತ್ತಾನೆ.

ಕುರ್‌ಆನ್ ಮೂರು ಕಡೆ ಹೆಸರಿಸಿರುವ ದಾಳಿಂಬೆ ಈ ಕಾದಂಬರಿಯ ಮುಖ್ಯ ಸಂಕೇತ. ಗುಡ್ಡದ ಮೇಲಿನ ದಾಳಿಂಬೆ ಮರದ ಮೇಲೆ ಇಬ್ಬರ ಹೆಸರನ್ನೂ ಅಮೀರ್ ಕೆತ್ತಿರುತ್ತಾನೆ. ಆ ಘಟನೆಯ ನಂತರ ಅದೇ ಗುಡ್ಡದ ಮೇಲೆ ಹಸನ್‌ಗೆ ಹಣ್ಣುಗಳನ್ನು ಎಸೆದು, ನೀನೂ ತಿರುಗಿ ಹೊಡೆ ಎಂದು ಕೆಣಕುತ್ತಾನೆ. ಹಸನ್ ಒಂದು ಹಣ್ಣು ಎತ್ತಿ ತನ್ನ ಹಣೆಗೇ ಜಜ್ಜಿಕೊಳ್ಳುತ್ತಾನೆ. ಅಮೀರನಿಗೆ ಬೇಕಾದದ್ದು ಶಿಕ್ಷೆ. ಪೆಟ್ಟು ತಿಂದರೆ ಲೆಕ್ಕ ಮುಗಿಯಿತೆಂಬ ಆಸೆ. ನಿಜ ಹೇಳಿ ಕ್ಷಮೆ ಕೇಳುವ ಧೈರ್ಯ ಮಾತ್ರ ಇಲ್ಲ. ವರ್ಷಗಳ ನಂತರ ಮರಳಿ ಬಂದಾಗ ಮರ ಫಲ ಬಿಡದೆ ಒಣಗಿದೆ, ಆದರೆ ಕೆತ್ತಿದ ಹೆಸರುಗಳು ಅಳಿಸಿಲ್ಲ. ಪಶ್ಚಾತ್ತಾಪಪಟ್ಟೂ ಹಕ್ಕು ಮರಳಿಸದವನ ಹೃದಯ ಹೀಗೇ ಇರುತ್ತದೆ ಎಂದು ನಾವು ಓದಿಕೊಂಡೆವು. ಸಹೋದರನನ್ನು ಕೊಂದ ಕಾಬೀಲ್ ಕೂಡ ವಿಷಾದಪಟ್ಟನೆಂದು ಸೂರಃ ಅಲ್ ಮಾಇದಾ ಹೇಳುತ್ತದೆ. ಆ ವಿಷಾದ ತೌಬಾ ಆಗಿರಲಿಲ್ಲ ಎಂದು ಅನೇಕ ಮುಫಸ್ಸಿರ್‌ಗಳು ವಿವರಿಸಿದ್ದಾರೆ.

ಇಮಾಂ ನವವಿ(ರ) ರಿಯಾಳುಸ್ಸ್ವಾಲಿಹೀನ್‌ನಲ್ಲಿ ವಿವರಿಸಿದಂತೆ, ಪಾಪವನ್ನು ಬಿಡುವುದು, ವಿಷಾದಪಡುವುದು, ಮತ್ತೆ ಮಾಡೆನೆಂದು ನಿರ್ಧರಿಸುವುದು, ಈ ಮೂರು ಅಲ್ಲಾಹನ ಹಕ್ಕಿಗೆ ಸಾಕು. ಮನುಷ್ಯನ ಹಕ್ಕಾದರೆ ನಾಲ್ಕನೆಯದೂ ಬೇಕು: ಅದನ್ನು ಅವನಿಗೆ ಮುಟ್ಟಿಸಬೇಕು, ಅಥವಾ ಅವನಿಂದ ಬಿಡಿಸಿಕೊಳ್ಳಬೇಕು. ಸೊತ್ತಿನ ಹಕ್ಕಾದರೆ, ಅವನು ಸತ್ತಿದ್ದರೆ ವಾರಸುದಾರರಿಗೆ. ಮಾನಕ್ಕೆ ಮಾಡಿದ ಹಾನಿಗೆ ಅವನ ಪರವಾಗಿ ದುಆ ಮಾಡಬೇಕು, ಯಾರ ಮುಂದೆ ಅಪವಾದ ಹೊರಿಸಿದೆವೋ ಅವರ ಮುಂದೆಯೇ ಸತ್ಯ ಹೇಳಬೇಕು. ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರವೂ ಇದೇ.

ಕಾದಂಬರಿಯೂ ಅದೇ ದಾರಿಯಲ್ಲಿ ನಡೆಯುತ್ತದೆ. ಹಸನ್ ತಾಲಿಬಾನಿಗಳ ಗುಂಡಿಗೆ ಬಲಿಯಾಗಿದ್ದಾನೆ. ಉಳಿದಿರುವುದು ಮಗ ಸೊಹ್ರಾಬ್. ಅಮೆರಿಕಾದಲ್ಲಿ ಸುಖವಾಗಿದ್ದ ಅಮೀರ್ ಆ ಮಗುವಿಗಾಗಿ ಕಾಬೂಲಿಗೆ ಹೋಗುತ್ತಾನೆ. ಅಲ್ಲಿ ತಿಂದ ಏಟಿಗೆ ಅವನ ಮೇಲ್ತುಟಿ ಸೀಳುತ್ತದೆ. ಹಸನ್ ಹುಟ್ಟಿದ್ದು ಸೀಳು ತುಟಿಯೊಂದಿಗೆ! ಸೇವಕನ ಮಗನ ಗುರುತು ಯಜಮಾನನ ಮಗನ ಮುಖಕ್ಕೆ ಬಂತು. ಬಹಳ ವರ್ಷಗಳಿಂದ ನಮಾಝ್ ಬಿಟ್ಟಿದ್ದ ಅಮೀರ್ ಆಸ್ಪತ್ರೆಯಲ್ಲಿ ಸುಜೂದ್‌ಗೆ ಬೀಳುವುದೂ ಈ ಪ್ರಯಾಣದ ನಂತರವೇ.

ನಮಗೆ ಹೆಚ್ಚು ಕಾಡಿದ್ದು ಇನ್ನೊಂದು. ಹಸನ್ ನಿಜವಾಗಿ ಅಮೀರನ ತಂದೆಯದೇ ಮಗ. ಪಾಪವೆಲ್ಲ ಕಳ್ಳತನದ ರೂಪವೆಂದು ಬೋಧಿಸುತ್ತಿದ್ದ ಆ ತಂದೆ, ಹಸನ್‌ನಿಂದ ಅವನ ತಂದೆಯನ್ನೇ ಕದ್ದಿದ್ದ. ವಂಶ, ಅಂತಸ್ತು ಎಂಬ ಗೋಡೆ ಇದನ್ನು ಮಾಡಿಸಿತು. ನಮ್ಮ ಕೊಡಗಿನಲ್ಲೂ ತೋಟದ ಮಾಲಕರ ಮಗ ಮತ್ತು ಲೈನ್ ಮನೆಯ ಮಗ ಒಟ್ಟಿಗೆ ಆಡಿ, ಮೀಸೆ ಚಿಗುರುವ ಹೊತ್ತಿಗೆ ಅಪರಿಚಿತರಾಗುತ್ತಾರೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಮುಸ್ಲಿಂ ಕುಟುಂಬದ ಮಗು ನಮ್ಮ ಮದ್ರಸದಲ್ಲಿ ಯಾರ ಪಕ್ಕ ಕೂರುತ್ತದೆ? ತೋಟದಲ್ಲಿ ಏನಾದರೂ ಕಳೆದರೆ ಮೊದಲು ಯಾರ ಚೀಲ ತಡಕುತ್ತೇವೆ?

ಗಾಜಿನ ಪುಡಿ ಮೆತ್ತಿದ ಪಟದ ದಾರ ಹಾರಿಸುವವನ ಬೆರಳನ್ನೇ ಕುಯ್ಯುತ್ತದೆ. ಕೊನೆಯ ಪುಟಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ಉದ್ಯಾನದಲ್ಲಿ ಅಮೀರ್ ಮತ್ತೆ ಆ ದಾರ ಹಿಡಿಯುತ್ತಾನೆ. ಕತ್ತರಿಸಿ ಬಿದ್ದ ಪಟಕ್ಕಾಗಿ ಈಗ ಓಡುವವನು ಅಮೀರ್, ಹಸನ್‌ನ ಮಗನಿಗೋಸ್ಕರ. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಆ ಹುಡುಗನ ತುಟಿಯ ಒಂದು ಬದಿಯಲ್ಲಿ ಮಾತ್ರ ಸಣ್ಣದೊಂದು ನಗು ಬಂದಿರುತ್ತದೆ.